ಅಲಾಕ್ರಿಟಿ, ಅವಸರವೇನಿಲ್ಲ

ಜನವರಿ 8, ಸೋಮವಾರ
ಇವತ್ತು ಹದಿನಾಲ್ಕು ಉತ್ತರ. ದೂರು ಬಂದ ಹತ್ತು ದಿನದೊಳಗೆ ನಮ್ಮ ಬಾಡಿಗೆ ಮನೆಗಳ ಆಫೀಸಿನಿಂದ ಕಾಗದ ಹೋಗಬೇಕು, ಅಷ್ಟೇ. ಎನಿಡ್ ಬ್ಲಾಂಚರ್ಡ್ ಅವರಿಗೂ ಒಂದು — ಎಂಬತ್ತಮೂರು ವರ್ಷ, ಒಂಟಿ, ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ಎಲ್ಲ ಥಂಡಿ. "ನಿಮ್ಮ ದೂರನ್ನು ಅಲಾಕ್ರಿಟಿಯಿಂದ ಗಮನಿಸುತ್ತೇವೆ." ಅಂದರೆ ಉತ್ಸಾಹದಿಂದ, ತಡಮಾಡದೆ. ಮ್ಯಾನೇಜರ್ ಲೊರೇನ್ ಹಿಂದಿನಿಂದ ಇಣುಕಿದಳು.
"ಏನೇ ಹಿಲರಿ, ಮತ್ತೆ ಅದೇನಾ? ಬಾಯ್ಲರ್ ರಿಪೇರಿಗೆ ಇಷ್ಟು ಶೋಕಿ ಪದ ಯಾಕೆ ತಾಯಿ?"
"'ಬೇಗ' ಅಂದ್ರೆ ಯಾವತ್ತು ಅಂತ ಕೇಳ್ತಾರೆ. ಇದಕ್ಕೆ ಯಾರೂ ಕೇಳಲ್ಲ."
ನಕ್ಕಳು. ಟೀ ಮಾಡಿಕೊಂಡೆವು.

ಜನವರಿ 12, ಶುಕ್ರವಾರ
ಬ್ಲಾಂಚರ್ಡ್ ಅವರಿಂದ ಕಾರ್ಡ್. ರಾಬಿನ್ ಹಕ್ಕಿಯ ಚಿತ್ರ, ಕ್ರಿಸ್‌ಮಸ್‌ಗೆ ತಂದು ಉಳಿದದ್ದಿರಬೇಕು. "ಇಷ್ಟು ಬೇಗ ಉತ್ತರ ಬರೆದಿರಿ, ದೊಡ್ಡ ಉಪಕಾರವಾಯ್ತು. ಅಲಾಕ್ರಿಟಿ! ನಮ್ಮ ಯಜಮಾನರು ಹೀಗೇ ಬರೀತಿದ್ರು. ನನ್ನಿಂದ ನಿಮಗೆ ತೊಂದರೆ ಬೇಡ, ಅವಸರವೇನಿಲ್ಲ. ಕೋಟು ಹಾಕ್ಕೊಂಡೇ ಇರ್ತೀನಿ."
ನಮ್ಮ ಇಂಗ್ಲಿಷ್ ಜನವೇ ಹೀಗೆ. ಕಾಲು ತುಳಿಸಿಕೊಂಡರೂ ತಾವೇ ಸಾರಿ ಅನ್ನುವವರು.
ಥ್ಯಾಂಕ್ಸ್ ಬಂತೆಂದರೆ ದೂರು ಮುಗಿದ ಲೆಕ್ಕ — ಆಫೀಸಿನ ಪದ್ಧತಿ. "ಸಮಾಧಾನವಾಗಿದೆ" ಅನ್ನುವಲ್ಲಿ ಟಿಕ್ ಹಾಕಿದೆ. ಟಿಕ್ ಬಿದ್ದರೆ ರಿಪೇರಿಯವರ ಪಟ್ಟಿಯಿಂದ ಹೆಸರು ತಾನೇ ಹೋಗುತ್ತದೆ. ಕಾರ್ಡನ್ನು ಬೋರ್ಡಿಗೆ ಚುಚ್ಚಿದೆ. ಚೆನ್ನಾಗಿ ಕಾಣುತ್ತಿತ್ತು.

ಜನವರಿ 23, ಮಂಗಳವಾರ
ವಾರದಿಂದ ಹಿಮ. ಬೆಳಿಗ್ಗೆ ಫೋನ್. ಬ್ಲಾಂಚರ್ಡ್ ಅವರ ತಂಗಿಯ ಮಗಳು, ಟೆಸ್ಸಾ. ಕಿರುಚಲಿಲ್ಲ.
"ದೊಡ್ಡಮ್ಮ ಭಾನುವಾರ ಹೋಗ್ಬಿಟ್ರು ರೀ. ಅಡುಗೆಮನೇಲಿ, ಕೂತಲ್ಲೇ. ಕೋಟು ಹಾಕ್ಕೊಂಡೇ ಇದ್ರು. ನಿಮ್ಮ ಕಾಗದ ಫ್ರಿಜ್ ಮೇಲಿದೆ. ನಾನೇ ಫೋನ್ ಮಾಡ್ತೀನಿ ಅಂದ್ರೆ ಬೈದಿದ್ರು — ಆ ಹುಡುಗಿ ಅಷ್ಟು ಚೆನ್ನಾಗಿ ಬರ್ದಿದಾಳೆ, ಪೀಡಿಸ್ಬೇಡ ಅಂತ."
ಸಾರಿ ಅಂದೆ. ಎರಡು ಸಲ. ಏನೂ ಅನ್ನಿಸಲಿಲ್ಲ... ಮಧ್ಯಾಹ್ನ ಮೊಟ್ಟೆ ಸ್ಯಾಂಡ್‌ವಿಚ್ ತಿಂದೆ. ರುಚಿ ತಿಳಿಯಲಿಲ್ಲ.

ಜನವರಿ 24, ಬುಧವಾರ
ಲೊರೇನ್ ಹೆಗಲ ಮೇಲೆ ಕೈಯಿಟ್ಟಳು. "ನಿಂದೇನೂ ತಪ್ಪಿಲ್ಲ ಕಣೇ. ಅವಸರವಿಲ್ಲ ಅಂತ ಅವ್ರೇ ಬರ್ದಿದ್ರಲ್ಲ. ಆ ಟೆಸ್ಸಾಗೊಂದು ಕಾಗದ ಹಾಕ್ಬಿಡು."
ತಪ್ಪು ನನ್ನದೇ. ಕೋಟಿನ ಮಾತು ಓದಿದ ಮೇಲೆ ಟಿಕ್ ಹಾಕಿದವಳು ನಾನು.
ಕಾಗದ ಶುರು ಮಾಡಿದೆ. ಕೈ ತಾನೇ ಟೈಪ್ ಮಾಡಿತು: "ನಿಮ್ಮ ದೂರನ್ನು ಅಲಾಕ್ರಿಟಿಯಿಂದ". ಅಳಿಸಿದೆ. ಮತ್ತೆ ಕೂತೆ.
"ಕಾರ್ಡು ಬಂದ ಮೇಲೂ ನಿಮ್ಮ ದೊಡ್ಡಮ್ಮ ಒಂಬತ್ತು ದಿನ ಕಾದರು. ಆ ಒಂಬತ್ತೂ ದಿನ ಅವರ ಕಾರ್ಡು ನನ್ನ ಕಣ್ಣೆದುರೇ ಇತ್ತು. ರಿಪೇರಿ ಪಟ್ಟಿಯಿಂದ ಅವರ ಹೆಸರು ತೆಗೆದವಳು ನಾನು."