ಗೋಡೆಗೆ ತೂಗಿದ ಕಂಬಳಿ

ಕೊಲ್ಹಾಪುರ,
೧೪-೨-೧೯೫೩

ಜತ್ತಿನ ಫೋಟೊ ಅಂಗಡಿಯ ಅಪ್ಪಾಸಾಬ ಅಣ್ಣಾವರಿಗೆ ನಮಸ್ಕಾರ.

ನಿನ್ನೆ ನಮ್ಮ ರೆಕಾರ್ಡಿಂಗ್ ಕೋಣೆಯ ಫೋಟೊ ತೆಗೆಯುವಾಗ, "ತಂಗಿ, ನೀ ಈಚಿ ಬಾ, ಮಶಿನ್ ಅಷ್ಟ ಬೇಕಾಗೇದ" ಎಂದು ನೀವು ಬದಿಗೆ ನಿಲ್ಲಿಸಿದ ಹಾಡುಗಾರ್ತಿ ನಾನು. ಮುಖ ಬೀಳಲಿಲ್ಲವೆಂದು ನಿರಾಳವಾಗಿದ್ದೆ. ನೀವು ಹೋದ ಮೇಲೆ ಗೋಡೆ ನೋಡಿದೆ.

ದನಿ ಗೋಡೆಗೆ ಬಡಿದು ಮರಳಬಾರದೆಂದು ಮೈಕಿನ ಹಿಂದೆ ತೂಗುಹಾಕಿದ ಕರಿ ಕಂಬಳಿ ನನ್ನದು. ನಮ್ಮೂರು ಸೋನ್ಯಾಳ ಬಿಡುವಾಗ ಹೊದ್ದು ಬಂದದ್ದು ಅದೊಂದೇ. ನಮ್ಮ ಕುರಿಗಳ ಮೈಮೇಲೆ ಹಾಕುವ ಗುರುತನ್ನೇ ಅವ್ವ ಅದರ ಮೂಲೆಗೆ ಬಿಳಿ ಉಣ್ಣೆಯಲ್ಲಿ ಹೊಲಿದಿದ್ದಾಳೆ. ಆ ಗುರುತು ಯಾರ ಮನೆಯದೆಂದು ನಮ್ಮ ಸೀಮೆಯ ಕುರಿಗಾರರಿಗೆಲ್ಲ ಗೊತ್ತು.

ಆ ಫೋಟೊ ಕೊಲ್ಹಾಪುರದ್ದೆಂದು ಬರೆದು ನಿಮ್ಮ ಅಂಗಡಿಯ ಗಾಜಿನೊಳಗೆ ಇಡುತ್ತೇನೆ ಎಂದಿರಿ. ಹಾಗೇ ಇಡಬೇಡಿರಿ. ನನ್ನ ಅಣ್ಣ ಅಮೋಗಸಿದ್ದ ಜತ್ತಿನ ಸಂತೆಗೆ ಬರುವುದು ನಿಮ್ಮ ಅಂಗಡಿಯ ಓಣಿಯಿಂದಲೇ. "ಮಂದಿ ಮುಂದ ಹಾಡಾಕ ಹ್ವಾದಾಕಿ ಎಲ್ಲಿ ಅದಾಳ ತಿಳೀಲಿ, ಅಲ್ಲೇ ಕಡಿತೀನಿ" ಎಂದವನು ಅವನು. ಬರೀ ಬಾಯಿಮಾತಿನವನಲ್ಲ.

ಫೋಟೊದಲ್ಲಿ ಬಿಳಿ ಚುಕ್ಕಿ ಬಿದ್ದರೆ ನೆಗೆಟಿವ್ ಮೇಲೆ ಬ್ಲೇಡಿನಿಂದ ಕೆರೆಯುತ್ತೇನೆ, ಫೋಟೊದಲ್ಲಿ ಅಲ್ಲಿ ಕರ್ರಗಾಗುತ್ತದೆ ಎಂದಿದ್ದಿರಲ್ಲ, ಆ ಮೂಲೆಯನ್ನೂ ಹಾಗೆಯೇ ಕೆರೆದುಬಿಡಿರಿ. ಕಂಬಳಿಯೇ ಕರಿ, ಯಾರಿಗೂ ತಿಳಿಯದು.

ಕೆರೆಯುವ ಮುಂಚೆ ಒಂದೇ ಒಂದು ಪ್ರತಿ ತೆಗೆದಿಡಿರಿ. ನಮ್ಮ ಅವ್ವ ಭಾಗವ್ವ ಅದೇ ಸಂತೆಗೆ ಉಣ್ಣೆ ಮಾರಲು ಬರುತ್ತಾಳೆ. ಅಣ್ಣ ಜೊತೆಗಿಲ್ಲದಾಗ ಅವಳಿಗೆ ತೋರಿಸಿರಿ. ನನ್ನ ಹೆಸರು ಎತ್ತಬೇಡಿರಿ. "ಯವ್ವಾ, ಇದು ಹಾಡ ತುಂಬೂ ಮಶಿನ್ ನೋಡ್ರಿ" ಎನ್ನಿರಿ, ಸಾಕು.

ಅವಳು ಮಶಿನ್ ನೋಡುವುದಿಲ್ಲ.

ನಿಮ್ಮ ತಂಗಿಯಂಥ
ದುಂಡವ್ವ