ಸೌಟಿನೊಳಗಿನ ಚುಕ್ಕಿ

ಮನೆಯಿಂದ, ಹಿಂದಿನ ಕೋಣೆ
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಇನ್ಸ್‌ಪೆಕ್ಟರಮ್ಮನಿಗೆ,

ಹೇಗಿದ್ದೀ ಮಗಳೇ? ಬೆನ್ನುನೋವು ಕಡಿಮೆಯಾಯಿತೆ? ದಿನವಿಡೀ ಬಗ್ಗಿ ಕುಳಿತು ಔಷಧದ ಗುಳಿಗೆಗಳಲ್ಲಿ ಒಡಕು ಹುಡುಕುವವರಿಗೆ ಎತ್ತರದ ಸ್ಟೂಲು ಕೊಡಬೇಕು, ಕಾರ್ಖಾನೆಯವರನ್ನು ಕೇಳು ಎಂದಿದ್ದೆ. ನೀನು ಕೇಳಿರಲಾರೆ. ಬಾಯಿಬಿಟ್ಟು ಕೇಳುವುದು ನಮ್ಮ ವಂಶದಲ್ಲೇ ಇಲ್ಲ. ಇಲ್ಲಿ ನಾನು ಕ್ಷೇಮ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಾಗದ ಬರೆಯುವುದನ್ನು ಕಲಿಸುವಾಗ ಕ್ಷೇಮ ಎನ್ನಲು ‘ಐ ಆಮ್ ಇನ್ ದಿ ಪಿಂಕ್ ಆಫ್’ ಅಂತ ಏನೋ ಬರೆಸಿದ್ದರು. ಪಿಂಕ್ ನೆನಪಿದೆ, ಯಾವುದರ ಪಿಂಕ್ ಎಂಬುದು ಮರೆತಿದೆ. ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಕಣ್ಣು ಸ್ವಲ್ಪ ಮಂಜು, ಕನ್ನಡಕ ಹಳೆಯದಾಗಿರಬೇಕು. ಉಳಿದಂತೆ ಆಯಾಸ ಒಂದೇ, ಅದೂ ಮಲಗಿ ಎದ್ದರೆ ಹೋಗುವಂಥದ್ದಲ್ಲ, ನನಗಿಂತ ಮೊದಲೇ ಎದ್ದು ಕುರ್ಚಿಯಲ್ಲಿ ಕೂತಿರುತ್ತದೆ. ನಿನ್ನ ಸೋದರತ್ತೆ, ಅಂದರೆ ನನ್ನ ಅಕ್ಕ, ಗುಂಡುಕಲ್ಲಿನಂತೆ ಇದ್ದಾಳೆ. ನಿನ್ನಮ್ಮ ಹೋದ ಮೇಲೆ ನನ್ನನ್ನು ನೋಡಿಕೊಳ್ಳಲೆಂದು ಬಂದವಳು. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದೇವೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಸುದ್ದಿ ಏನೆಂದರೆ, ನಾವಿಬ್ಬರೂ ಮೊನ್ನೆ ತಾರಾಲಯಕ್ಕೆ ಹೋಗಿದ್ದೆವು. ಆ ಹೆಸರು ಕಂಡ ಕೂಡಲೇ ಕಾಗದ ಮಡಿಸಿಡಬೇಡ, ಪೂರ್ತಿ ಓದು. ಒಳಗೆಲ್ಲ ಹೊಸದಾಗಿ ಮಾಡಿದ್ದಾರಂತೆ, ಅಲ್ಲಿ ಕೆಲಸ ಮಾಡಿ ನಿವೃತ್ತರಾದವರಿಗೆಂದು ಎರಡು ಪಾಸ್ ಕಳಿಸಿದ್ದರು. ನಿನ್ನತ್ತೆ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಆಕಾಶ ನೋಡೋಕೆ ಪಾಸ್ ಯಾಕೋ? ತಾರಸಿ ಹತ್ತಿದ್ರೆ ಬಿಟ್ಟಿ ಸಿಗಲ್ವಾ?” ಎಂದಳು. ಆದರೂ ಹೊಸ ಸೀರೆ ಉಟ್ಟು ನನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕುರ್ಚಿಗಳು ಈಗ ಹಾಸಿಗೆಯಂತೆ ಹಿಂದಕ್ಕೆ ಒರಗುತ್ತವೆ. ದೀಪ ಆರಿದ್ದೇ ತಡ, ಗುಮ್ಮಟವಿಡೀ ತೆರೆಯಾಗಿಬಿಟ್ಟಿತು, ತಲೆಯ ಮೇಲೆ, ಬೆನ್ನ ಹಿಂದೆ, ಕಾಲಿನ ಬುಡದ ತನಕ. ಕುಳಿತಲ್ಲೇ ನಮ್ಮನ್ನು ಎತ್ತಿ ಒಗೆದಂತೆ ಭೂಮಿ ಕೆಳಗೆ ಬಿದ್ದುಹೋಯಿತು. ಶನಿಯ ಬಳೆಗಳ ನಡುವೆ ನುಗ್ಗುವಾಗ ನಿನ್ನತ್ತೆ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡು, “ನಿಲ್ಸೋಕೆ ಹೇಳೋ, ನಾನು ಇಲ್ಲೇ ಇಳೀತೀನಿ” ಎಂದಳು. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ, “ಅಜ್ಜೀ, ನಾವು ಎಲ್ಲೂ ಹೋಗ್ತಿಲ್ಲ, ಇದ್ದಲ್ಲೇ ಇದೀವಿ” ಎಂದು ಸಮಾಧಾನ ಹೇಳಿದಳು. “ಅದನ್ನ ನನ್ನ ಹೊಟ್ಟೆಗೆ ಹೇಳಮ್ಮಾ” ಎಂದು ಉತ್ತರ. ಕಾಲು ಗಂಟೆ ಕಳೆಯುವಷ್ಟರಲ್ಲಿ ನಿದ್ದೆ ಹೋದಳು. ಕೋಟಿ ಕೋಟಿ ಸೂರ್ಯರು ಹುಟ್ಟಿ ಸಾಯುತ್ತಿದ್ದರು, ನಮ್ಮ ಸಾಲಿನಲ್ಲಿ ಗೊರಕೆ.

ನನಗೆ ಹೇಗನ್ನಿಸಿತೆಂದು ನಿನ್ನಮ್ಮ ಇದ್ದಿದ್ದರೆ ಕೇಳುತ್ತಿದ್ದಳು. ದೊಡ್ಡದು, ಒಪ್ಪಬೇಕು. ನಮ್ಮ ಕಾಲದಲ್ಲಿ ಜನ ಆಕಾಶದ ಕೆಳಗೆ ಸುಮ್ಮನೆ ಕೂರುತ್ತಿದ್ದರು, ಈಗ ಆಕಾಶದೊಳಕ್ಕೆ ಎಸೆಯುತ್ತಾರೆ, ಅಷ್ಟೇ ವ್ಯತ್ಯಾಸ. ಆದರೆ ನಕ್ಷತ್ರಗಳೆಲ್ಲ ನನಗೆ ಚೆಲ್ಲಿದ ಹಿಟ್ಟಿನಂತೆ ಕಂಡವು, ಒಂದಕ್ಕೂ ಅಂಚಿಲ್ಲ. ಫೋಕಸ್ ಸರಿ ಇಟ್ಟಿಲ್ಲ, ನಾನಾಗಿದ್ದರೆ ಹೀಗೆ ಬಿಡುತ್ತಿದ್ದೆನೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅಭ್ಯಾಸಬಲದಿಂದ ಸಪ್ತರ್ಷಿಗಳನ್ನು ಹುಡುಕಿದೆ. ಏಳು ಚುಕ್ಕಿಗಳ ಆ ಸೌಟು ಬಂತು, ಹೋಯಿತು. ಅದರ ಬಟ್ಟಲೊಳಗೆ ನಾನು ಏನನ್ನು ಹುಡುಕುತ್ತಿದ್ದೆನೆಂದು ನಿನಗೆ ಹೇಳಬೇಕಾಗಿಲ್ಲ.

ಹೊರಗೆ ಬಂದರೆ ಹಜಾರದಲ್ಲಿ ನಮ್ಮ ಕಟ್ಟಿರುವೆ! ಎರಡು ಕಡೆ ಎರಡು ಗುಂಡು, ನಡುವೆ ಸಣ್ಣ ಸೊಂಟ, ಕಡ್ಡಿ ಕಾಲುಗಳು. ಗುಮ್ಮಟಕ್ಕೆ ನಕ್ಷತ್ರ ಚೆಲ್ಲುತ್ತಿದ್ದ ನನ್ನ ಹಳೆಯ ಯಂತ್ರಕ್ಕೆ ನಿನ್ನಮ್ಮ ಇಟ್ಟ ಹೆಸರದು. ಪಾಪ, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದಾರೆ. ಮೂವತ್ತೊಂದು ವರ್ಷ ನಾನು ಅದರ ಮೈ ಒರೆಸಿದ್ದೆ, ಹೆಂಡತಿ ಮಕ್ಕಳ ಮೈ ಬಿಸಿಯಾದರೂ ಅಷ್ಟು ಮುಟ್ಟಿ ನೋಡಿರಲಿಲ್ಲ. ಪಕ್ಕದಲ್ಲೇ ನನ್ನ ಕೈಬರಹದ ದುರಸ್ತಿ ಪುಸ್ತಕ, ಯಾವುದೋ ಪುಟ ತೆರೆದಿಟ್ಟಿದ್ದರು. ಈಗಿನ ಇಂಜಿನಿಯರು ಒಬ್ಬ ಹೆಂಗಸು, ನಿನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು, ನನ್ನನ್ನು ಗೋಡೆಯ ಹಳೆಯ ಫೋಟೋದಿಂದ ಗುರುತು ಹಿಡಿದು ಓಡಿ ಬಂದಳು. “ಸಾರ್, ನಿಮ್ಮ ಪುಸ್ತಕ ಓದಿಕೊಂಡೇ ನಾನು ಇದನ್ನ ಬಿಚ್ಚಿ ಜೋಡಿಸಿದ್ದು” ಎಂದು ಕೈ ಹಿಡಿದುಕೊಂಡಳು. ನನಗೂ ಎದೆ ಉಬ್ಬಿತು, ಸುಳ್ಳೇಕೆ. ಆಮೇಲೆ ಕೇಳಿದಳು: “ಒಂದು ಅರ್ಥ ಆಗ್ಲಿಲ್ಲ ಸಾರ್. ಉತ್ತರದ ಆಕಾಶ ತೋರಿಸೋ ಗುಂಡಿನ ತಟ್ಟೇಲಿ ಒಂದು ತೂತಿಗೆ ಕಪ್ಪು ಬಣ್ಣ ಬಳಿದು ಮುಚ್ಚಿದೆ. ಪುಸ್ತಕದಲ್ಲಿ ನೊಣ ಕೂತಿದ್ದನ್ನೂ ಬರ್ದಿದೀರಿ, ಇದನ್ನ ಮಾತ್ರ ಬರ್ದಿಲ್ಲ. ಏನದು?” “ಮರ್ತುಹೋಗಿದೆ ಕಣಮ್ಮಾ, ವಯಸ್ಸಾಯ್ತು” ಎಂದೆ. ನಿನ್ನತ್ತೆಯನ್ನು ಎಳೆದುಕೊಂಡು ಮನೆಗೆ ಬಂದೆ. ಅವತ್ತಿನಿಂದ ಊಟ ಸೇರುತ್ತಿಲ್ಲ.

ಟು ಬಿ ವೆರಿ ಫ್ರ್ಯಾಂಕ್, ಅದು ಮರೆಯುವಂಥದ್ದಲ್ಲ. ಆ ಗುಂಡು ಒಳಗೆ ಟೊಳ್ಳು ಎಂಬುದು ನಿನಗೆ ಗೊತ್ತೇ ಇದೆ. ಒಳಗೊಂದು ದೀಪ, ಸುತ್ತ ಲೋಹದ ತೆಳು ತಟ್ಟೆಗಳಲ್ಲಿ ಸಾವಿರಾರು ತೂತು, ಒಂದೊಂದು ತೂತಿನಿಂದ ಹೊರಟ ಬೆಳಕು ಗುಮ್ಮಟದ ಮೇಲೆ ಒಂದೊಂದು ನಕ್ಷತ್ರ. ತೂತಿಗೆ ಧೂಳು ಕೂತರೆ ಕೂದಲೆಳೆಯಂಥ ಸೂಜಿಯಿಂದ ಬಿಡಿಸಬೇಕು. ಒಮ್ಮೆ ಹಾಗೆ ಬಿಡಿಸುವಾಗ ಸೂಜಿ ಜಾರಿ ತೂತಿಲ್ಲದ ಕಡೆ ನಾಟಿತು. ಸಪ್ತರ್ಷಿಗಳ ಸೌಟಿನ ಬಟ್ಟಲೊಳಗೆ ಬ್ರಹ್ಮನೂ ಇಡದ ಒಂದು ಚುಕ್ಕಿಯನ್ನು ನಾನು ಇಟ್ಟೆ. ನಾನಾಗ ಟೆಂಪರರಿ. ತಟ್ಟೆ ಹಾಳು ಮಾಡಿದವನೆಂದು ಗೊತ್ತಾದರೆ ಮಾರನೆಯ ದಿನ ಮನೆಯಲ್ಲೇ. ಸುಮ್ಮನಿದ್ದೆ. ಎರಡು ವರ್ಷ ಒಬ್ಬರ ಕಣ್ಣಿಗೂ ಬೀಳಲಿಲ್ಲ, ಪ್ರದರ್ಶನ ನೋಡಲು ಬರುವವರೆಲ್ಲ ವಿವರಿಸುವವರ ಕೈಯ ಬಾಣದ ದೀಪ ಹೋದ ಕಡೆ ಕತ್ತು ತಿರುಗಿಸುವವರೇ.

ನೀನೊಬ್ಬಳು ಹಾಗಲ್ಲ. ಒಂಬತ್ತು ವರ್ಷ ನಿನಗೆ. ಶಾಲೆಗೆ ರಜೆಯೆಂದರೆ ನನ್ನ ಸ್ವಿಚ್ಚಿನ ಮೇಜಿನ ಪಕ್ಕದ ಕುರ್ಚಿ ನಿನ್ನದು, ತೊಡೆಯ ಮೇಲೆ ನಕ್ಷತ್ರಗಳ ನಕ್ಷೆ, ಬಾಯಲ್ಲಿ ಪೆನ್ಸಿಲು. ಅಂಗಿಯ ಗುಂಡಿಯಿಂದ ಅಕ್ಕಿಯ ಕಲ್ಲಿನ ತನಕ ತಪ್ಪು ಹುಡುಕುತ್ತಿದ್ದೆಯೆಂದೇ ಅಲ್ಲವೇ ನಿನಗೆ ಇನ್ಸ್‌ಪೆಕ್ಟರ್ ಎಂದು ಹೆಸರಾದದ್ದು. “ಅಪ್ಪಾ, ಸೌಟಿನೊಳಗೆ ಒಂದು ಜಾಸ್ತಿ ಇದೆ” ಎಂದೆ. ನನ್ನ ಕೈಯಿಂದಾಯಿತು ಎಂದು ಹೇಳಬಹುದಿತ್ತು. ನಾನು ಹೇಳಿದ್ದು, “ಅದು ಇನ್ನೂ ಯಾರಿಗೂ ಸಿಕ್ಕಿಲ್ಲದ್ದು ಇರ್ಬೇಕು ಪುಟ್ಟಾ, ನಿನಗೇ ಮೊದ್ಲು ಸಿಕ್ಕಿರೋದು.” ಮಕ್ಕಳಲ್ಲವೇ, ವಾರದಲ್ಲಿ ಮರೆಯುತ್ತವೆ ಎಂದುಕೊಂಡೆ. ಮರೆಯುವ ಮಕ್ಕಳು ಬೇರೆಯವರ ಮನೆಯಲ್ಲಿ ಹುಟ್ಟುತ್ತಾರೆ. ನೀನು ಚಿತ್ರ ಬರೆದು, ಬಾಣದ ಗುರುತು ಹಾಕಿ, ನನಗೂ ಹೇಳದೆ ಟೀಚರ ಮೂಲಕ ನಮ್ಮ ಡೈರೆಕ್ಟರಿಗೇ ಕಳಿಸಿದೆ. ಅವರು ಖುಷಿಯಿಂದ, ಇಡೀ ತರಗತಿ ಬರಲಿ, ಎಲ್ಲರೂ ಒಟ್ಟಿಗೆ ನೋಡೋಣ ಎಂದರು.

ಆ ದಿನ ಬೆಳಿಗ್ಗೆ ಯಾರೂ ಬರುವ ಮೊದಲು ಹೋದೆ. ಮೂರು ಕೂದಲಿನ ಕುಂಚ, ಕಪ್ಪು ಬಣ್ಣ, ಒಂದು ಸಲ ಮುಟ್ಟಿಸಿದೆ. ಅಷ್ಟೇ. ನಲವತ್ತು ಮಕ್ಕಳು ಬಂದು ಕೂತರು, ದೀಪ ಆರಿತು, ಡೈರೆಕ್ಟರು ಬಾಣವನ್ನು ಸೌಟಿನೊಳಗೆ ತಂದು ನಿಲ್ಲಿಸಿದರು. ಅಲ್ಲಿ ಕತ್ತಲೆ. ಅವರು ಕೆಟ್ಟ ಮನುಷ್ಯರಲ್ಲ, ನಗುತ್ತಲೇ “ಇಲ್ಲದ್ದು ಕಂಡ್ರೆ ಕಣ್ಣು ತೋರಿಸ್ಬೇಕು ಮರಿ” ಎಂದರು. ನಲವತ್ತು ಮಕ್ಕಳ ನಗು ಗುಮ್ಮಟದಲ್ಲಿ ಹೇಗೆ ಸುತ್ತುತ್ತದೆಂದು ಕೇಳಿದವರಿಗೇ ಗೊತ್ತು. ನೀನು ಆ ಕತ್ತಲೆಯಲ್ಲಿ ನನ್ನ ಮೇಜಿನ ಕಡೆ ತಿರುಗಿ, “ಅಪ್ಪಾ, ನೀನು ಹೇಳು” ಎಂದೆ. ತಿರುಗಿಸಬೇಕಿಲ್ಲದ ಒಂದು ಸ್ಕ್ರೂ ತಿರುಗಿಸುತ್ತಾ, “ಇಲ್ಲ ಸಾರ್, ಅಲ್ಲಿ ಯಾವತ್ತೂ ಏನೂ ಇರ್ಲಿಲ್ಲ” ಎಂದೆ. ನೀನು ಅಳಲಿಲ್ಲ. ಮನೆಗೆ ಬಂದು ನಕ್ಷೆ ಮಡಿಸಿಟ್ಟೆ, ಮತ್ತೆ ಗುಮ್ಮಟದೊಳಗೆ ಕಾಲಿಡಲಿಲ್ಲ, ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿನ್ನಮ್ಮನಿಗೆ ಗೊತ್ತಿತ್ತು. ನನ್ನ ಅಂಗಿಯ ತೋಳಿನ ಕಪ್ಪು ಕಲೆ ಒಗೆದವಳು ಅವಳೇ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹೇಳಿದಳು: ಮಗಳು ಒಂದೊಂದು ತಟ್ಟೆ ಗುಳಿಗೆಯನ್ನೂ ಮೂರು ಮೂರು ಸಲ ನೋಡ್ತಾಳಂತೆ, ನಿಧಾನ ಅಂತ ಮೇಲಿನವರು ಬೈತಾರಂತೆ, “ಒಂದ್ಸಲ ನೋಡಿದ್ರೆ ನನ್ನ ಕಣ್ಣನ್ನ ನಾನೇ ನಂಬೋಕಾಗಲ್ಲ ಅಮ್ಮಾ” ಅಂದ್ಲು, ನೀವೇ ಹೇಳಿಬಿಡಿ ಇನ್ನಾದ್ರೂ, ಎಂದು. ಹೂಂ ಎಂದೆ. ಅವಳು ಹೋಗಿ ಎರಡು ವರ್ಷವಾಯಿತು. ಈ ಹೂಂ ಹೊತ್ತುಕೊಂಡು ತಿರುಗಿ ಸಾಕಾಗಿದೆ ಮಗಳೇ. ಆದ್ದರಿಂದ ಬರೆಯುತ್ತಿದ್ದೇನೆ. ಅಲ್ಲಿ ಚುಕ್ಕಿ ಇತ್ತು. ನೀನು ಕಂಡದ್ದು ಸರಿ. ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ಆಗಿದ್ದು ನಿನ್ನ ಅಪ್ಪನಿಗೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ, ಅದೂ ಕೇಳುವುದೇ ತಾನೇ. ಸ್ಟೂಲು ಮಾತ್ರ ನೀನು ಕೇಳಿಬಿಡು. ನಿನ್ನತ್ತೆ ಆಶೀರ್ವಾದ ತಿಳಿಸಿದ್ದಾಳೆ, ಫೋನಿನಲ್ಲಿ ಇನ್ನೂ ಗಟ್ಟಿಯಾಗಿ ಮಾತಾಡಬೇಕಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ಯುವರ್ಸ್ ಒಬೀಡಿಯಂಟ್ಲಿ ಎಂದು ಬರೆಯಬಾರದಂತೆ ಮಗಳಿಗೆ, ಆದರೆ ಅದೊಂದೇ ಪೂರ್ತಿ ನೆನಪಿರುವುದು,
ನಿನ್ನ ಅಪ್ಪ

ಮರೆತ ಮಾತು, ಬುಧವಾರ, ಅವಸರದಲ್ಲಿ: ಸ್ಟಾಂಪಿಗೆಂದು ಕಾಗದ ಮೂರು ದಿನ ಇಲ್ಲೇ ಉಳಿಯಿತು. ನಿನ್ನೆ ಮತ್ತೆ ತಾರಾಲಯಕ್ಕೆ ಹೋಗಿ ಆ ಇಂಜಿನಿಯರಮ್ಮನಿಗೆ ಎಲ್ಲ ಹೇಳಿದೆ. ಅವಳು ಗಾಜು ತೆಗೆಸಿ, ನನ್ನ ಕೈಗೆ ಸೂಜಿ ಕೊಟ್ಟು, ಭೂತಗನ್ನಡಿ ಹಿಡಿದು “ಎಡಕ್ಕೆ ಸಾರ್, ಇನ್ನೊಂದು ಕೂದಲಷ್ಟು” ಎನ್ನುತ್ತಾ ನಿಂತಳು. ಬೆರಳಿಗೆ ಜಾಗ ನೆನಪಿತ್ತು, ಬಣ್ಣ ಉದುರಿತು. ಹಜಾರ ಕತ್ತಲೆ ಮಾಡಿ ಒಳಗೆ ದೀಪ ಹಾಕಿದಳು. ಬಂದಿದೆ ಸಾರ್ ಎಂದಳು. ಜೊತೆಗೆ ಬಂದಿದ್ದ ನಿನ್ನತ್ತೆ ಚಾವಣಿ ನೋಡಿ, “ಇದೆ ಕಣೋ, ಎರಡಿದೆ” ಎಂದಳು. ಇಂಜಿನಿಯರಮ್ಮ ನನ್ನ ಮನಸ್ಸಿಗೆಂದು ಹೇಳಿರಬಹುದು, ನಿನ್ನತ್ತೆಯ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ನನಗೆ ಚುಕ್ಕಿಯೂ ಕಾಣಲಿಲ್ಲ, ಸೌಟೂ ಕಾಣಲಿಲ್ಲ. ಕನ್ನಡಕದ ತಪ್ಪಲ್ಲವಂತೆ, ಎರಡೂ ಕಣ್ಣಿಗೆ ಪೊರೆ, ಇವತ್ತು ಡಾಕ್ಟರು ಹೇಳಿದರು. ಕೊಯ್ಯಲು ತಿಂಗಳಾಗುತ್ತದೆ. ಅದಕ್ಕೆಂದು ಬಾ ಎನ್ನುತ್ತಿಲ್ಲ, ನಿನ್ನತ್ತೆ ಇದ್ದಾಳೆ. ದುರಸ್ತಿ ಪುಸ್ತಕದಲ್ಲಿ ಆ ತೂತಿನ ಸಾಲು ಈಗ ಬರೆದು, ತಪ್ಪು ಮಾಡಿದವರು ಎಂಬಲ್ಲಿ ನಾನು ಸಹಿ ಹಾಕಿದ್ದೇನೆ. ಪಕ್ಕದಲ್ಲಿ ‘ಪರೀಕ್ಷಿಸಿದವರು’ ಎಂಬ ಜಾಗವನ್ನು ಯಾರೂ ತುಂಬಬಾರದೆಂದು ಹೇಳಿ ಖಾಲಿ ಬಿಡಿಸಿ ಬಂದಿದ್ದೇನೆ. ನೀನೇ ಬಂದು ನೋಡಿ ಸಹಿ ಹಾಕಬೇಕು. ಒಂದು ಸಲ ನೋಡಿದರೆ ಸಾಕು.