ನೀನು ಕೊಟ್ಟ ರಾಣಿ ರೂಪಾಯಿ

ಪ್ರಭು,

ಓದಲು ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಹೋದ ವಾರ ಫೋನಿನಲ್ಲಿ ನೋಡಿ ಒಂದು ಹಳೆಯ ಬೆಳ್ಳಿ ರೂಪಾಯಿ ತರಿಸಿದೆ. ಫೋಟೋದಲ್ಲಿ ಚೆನ್ನಾಗಿತ್ತು. ಕೈಗೆ ಬಂದಾಗ ಯಾಕೋ ಹಗುರ ಅನ್ನಿಸಿತು. ಭಾನುವಾರ ಮೈಸೂರಿನ ನಾಣ್ಯ ಪ್ರದರ್ಶನಕ್ಕೆ ಅದನ್ನೂ, ಹಿಂದೆ ನೀನು ಕೊಟ್ಟಿದ್ದ ರಾಣಿ ಛಾಪಿನ ರೂಪಾಯಿಯನ್ನೂ ಒಯ್ದೆ. ನಾವಿಬ್ಬರೂ ಹೋಗುತ್ತಿದ್ದೆವಲ್ಲ, ಅದೇ ಸಭಾಂಗಣ.

ಅಲ್ಲೊಬ್ಬ ವ್ಯಾಪಾರಿ ಎರಡನ್ನೂ ತೂಗಿ, ಭೂತಗನ್ನಡಿಯಲ್ಲಿ ಅಂಚು ನೋಡಿದ.

“ಆನ್‌ಲೈನ್‌ದು ನಕಲಿ ಕಣ್ರೀ, ಮೇಲೆ ಮಾತ್ರ ಬೆಳ್ಳಿ. ಈ ರಾಣೀದು ಅಪ್ಪಟ. ಯಾರು ಕೊಟ್ರು?”

“ನಮ್ಮ ಸ್ನೇಹಿತ್ರು.”

“ಒಂದ್ಸಲ ಕರ್ಕೊಂಡ್ ಬನ್ನಿ ಅವರ್ನ. ಇಂಥ ಕಣ್ಣಿರೋರು ಕಮ್ಮಿ.”

ಆಗಲಿ ಅಂದೆ.

ಆವತ್ತು ಹುಣಸೂರಿನ ಹೋಟೆಲಿನಲ್ಲಿ, ಯಾವುದೋ ವಿಡಿಯೋ ನಂಬಿ, ಎಲ್ಲರ ಮುಂದೆ ನಿನ್ನ ಈ ರಾಣಿ ರೂಪಾಯಿಯನ್ನು ನಕಲಿ ಎಂದವನು ನಾನು. ನೀನು ಎದ್ದು ಹೋದೆ. ಆಮೇಲೆ ನಾಲ್ಕು ವರ್ಷ ನಾನು ನಿನ್ನೂರು ಕಂಪಲಾಪುರದಲ್ಲಿ ಬಸ್ಸಿಳಿಯಲಿಲ್ಲ. ನೀನು ತೀರಿಕೊಂಡ ದಿನವೂ ಇಳಿಯಲಿಲ್ಲ.

ಭಾನುವಾರ ಮೈಸೂರಿನಿಂದ ವಾಪಸ್ ಬರುವಾಗ ಇಳಿದೆ. ನಿನ್ನ ಹೆಂಡತಿ ಪುಷ್ಪಾ ಕಾಫಿ ಕೊಟ್ಟರು. ನಾಣ್ಯವನ್ನು ಅವರ ಮುಂದಿಟ್ಟು, ವ್ಯಾಪಾರಿ ಹೇಳಿದ್ದನ್ನು ತಿಳಿಸಿದೆ.

“ಅದು ಅವ್ರಿಗೆ ಮೊದ್ಲೇ ಗೊತ್ತಿತ್ತು ಕಣಣ್ಣ,” ಎಂದರು. “‘ಅವನಿಗೂ ಒಂದಿನ ಗೊತ್ತಾಯ್ತದೆ, ಆಗ ಬತ್ತಾನೆ ಬುಡು’ ಅಂತಿದ್ರು.”

ನಾಣ್ಯವನ್ನು ಅವರು ಇಸಿದುಕೊಳ್ಳಲಿಲ್ಲ. ಊಟ ಮಾಡಿಕೊಂಡೇ ಹೋಗಿ ಎಂದರು. ನೀನು ಕೂರುತ್ತಿದ್ದ ಜಾಗ ಬಿಟ್ಟು ಪಕ್ಕದಲ್ಲಿ ಕೂತು ಉಂಡೆ.

ಶಿವಶಂಕರ